ಬಾಲವಾಡಿಯ ನೆಲದ ಕೆಳಗಿನ ಬಾವಿ

ಮಾನ್ಯರೇ,

ಸೊಲ್ಲಾಪುರ ಮಹಾನಗರಪಾಲಿಕೆಯಿಂದ ನೀವು ಮಂಜೂರು ಮಾಡಿದ ಬಾಲವಾಡಿ ಒಂದು ಬಾವಿಯ ಮೇಲೆ ನಿಂತಿದೆ. ಇದು ಒಗಟಲ್ಲ. ವಿಜಾಪುರ ರಸ್ತೆಯ ಬದಿಗೆ, ನಮ್ಮ ವಸಾಹತಿನ ನಟ್ಟನಡುವೆ, ನಿಮ್ಮ ನಕಾಶೆಯಲ್ಲಿ ಹಸಿರು ಬಣ್ಣ ಬಳಿದು "ಉದ್ಯಾನ" ಎಂದು ಬರೆದ ಜಾಗವಿದೆಯಲ್ಲ, ಅದರ ಕೆಳಗೆ ಎತ್ತು ಕಟ್ಟಿ ನೀರೆತ್ತುತ್ತಿದ್ದ ದೊಡ್ಡ ಬಾವಿಯಿದೆ. ಅದನ್ನು ಯಾರೂ ಹೂಳಿಲ್ಲ. ಬಾಯಿಗೆ ಹಳೆಯ ರೈಲು ಹಳಿಗಳನ್ನು ಅಡ್ಡ ಹಾಕಿ, ಮೇಲೆ ಶಹಾಬಾದ ಫರಸಿ ಕಲ್ಲು ಹಾಸಿ, ಅದರ ಮೇಲೆ ಮುರುಮು ಮಣ್ಣು ಸುರಿದು ಸುಮ್ಮನಾಗಿದ್ದಾರೆ. ಆ ಮುರುಮಿನ ಮೇಲೆ ನಿಮ್ಮ ಗುತ್ತಿಗೆದಾರ ಕಾಂಕ್ರೀಟು ಹಾಕಿ, ಬಣ್ಣಬಣ್ಣದ ಫರಸಿ ಕೂಡಿಸಿದ್ದಾನೆ. ಬರುವ ಸೋಮವಾರದಿಂದ ಅಲ್ಲಿ ಮಕ್ಕಳು ಲೇಜಿಮ್ ಹಿಡಿದು ಕುಣಿಯಲು ಕಲಿಯುತ್ತಾರೆ, ಏಕೆಂದರೆ ಉದ್ಘಾಟನೆಗೆ ಬರುವ ನಿಮಗೆ ಮಕ್ಕಳ ಕುಣಿತ ತೋರಿಸಬೇಕಂತೆ.

ಮರಾಠಿಯಲ್ಲಿ ನಿಮಗೆ ಅರ್ಜಿ ಕೊಟ್ಟಿದ್ದೇನೆ. ನನ್ನ ಕಿರಿಯ ಮಗ ಯುವರಾಜ ಒಳ್ಳೆಯ ಸರ್ಕಾರಿ ಮರಾಠಿಯಲ್ಲಿ ಬರೆದುಕೊಟ್ಟ. ಉತ್ತರವೂ ಬಂತು: ಸದರಿ ಜಾಗದಲ್ಲಿ ಬಾವಿ ಇರುವ ಬಗ್ಗೆ ಅರ್ಜಿದಾರರು ದಾಖಲೆ ಸಲ್ಲಿಸತಕ್ಕದ್ದು. ಮತ್ತೆ ಬರೆದೆ. ಅದಕ್ಕೆ ಉತ್ತರವೇ ಇಲ್ಲ. ಆದ್ದರಿಂದ ಈಗ ಕನ್ನಡದಲ್ಲಿ, ಪತ್ರಿಕೆಯಲ್ಲಿ, ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ. ನಾನು ಅಕ್ಕಲಕೋಟದ ಕನ್ನಡ ಶಾಲೆಯಲ್ಲಿ ಕಲಿತವಳು. ಸೊಲ್ಲಾಪುರಕ್ಕೆ ಬಂದು ಅರ್ಧ ಶತಮಾನ ದಾಟಿದರೂ ಸಿಟ್ಟು ಬಂದಾಗ ನನಗೆ ಕನ್ನಡವೇ ಬರುತ್ತದೆ. ನಿಮಗೆ ಇದು ಓದಲು ಬಾರದೇನೋ ಎಂಬ ಚಿಂತೆ ನನಗಿಲ್ಲ, ಮರಾಠಿಯದನ್ನು ಓದಿದಿರಿ ಎಂಬುದಕ್ಕೂ ಗುರುತು ಸಿಕ್ಕಿಲ್ಲ.

ದಾಖಲೆ ಕೇಳಿದ್ದೀರಿ. ಜಾಗ ಹೊಲವಾಗಿದ್ದಾಗ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಬಾವಿಯ ಹೆಸರಿತ್ತು. ಹೊಲ ನಿವೇಶನಗಳಾದ ದಿನ ಹಳೆಯ ಉತಾರ ಹೋಗಿ ಹೊಸದು ಬಂತು, ಕಾಗದದ ಮೇಲಿನ ಬಾವಿ ಅಂದೇ ಬತ್ತಿತು. ಹಳೆಯದನ್ನು ಹುಡುಕಿಕೊಡಿ ಎಂದು ಕೇಳಿದರೆ ನಿಮ್ಮ ಕಚೇರಿ ಇನ್ನೊಂದು ಕಚೇರಿಯನ್ನು ತೋರಿಸಿತು, ಆ ಕಚೇರಿ ನಿಮ್ಮನ್ನು ತೋರಿಸಿತು. ಆದ್ದರಿಂದ ಉಳಿದಿರುವ ದಾಖಲೆ ನಾನೊಬ್ಬಳೇ. ನನ್ನ ಮೇಲೆ ಯಾರ ಮುದ್ರೆಯೂ ಇಲ್ಲ. ಆದರೂ ಕೇಳಿ.

ನಮ್ಮ ಮಾವ ಮಲಕಾಜಪ್ಪನವರು ಪೇಠೆಯಲ್ಲಿ ಚಾದರ, ಟವೆಲ್‌ಗಳ ವ್ಯಾಪಾರ ಮಾಡುತ್ತಿದ್ದರು. ಕೆಳಗೆ ಅಂಗಡಿ, ಮೇಲೆ ಮನೆ, ಮನೆಯ ತುಂಬ ಬಟ್ಟೆಯ ಗಂಟು, ಗಂಟುಗಳ ಸಂದಿಯಲ್ಲಿ ಸಂಸಾರ. ಅಲ್ಲಿನ ವ್ಯಾಪಾರಿಗಳಿಗೆಲ್ಲ ಒಮ್ಮೆಗೇ ಗಾಳಿ ಬೆಳಕಿನ ಆಸೆ ಹುಟ್ಟಿತು. ಊರ ಹೊರಗೆ ಬಂಗಲೆ ಕಟ್ಟಬೇಕು, ಮುಂದೆ ತುಳಸಿಕಟ್ಟೆ, ಹಿಂದೆ ಪೇರಲ ಗಿಡ, ನಡುವೆ ಎಲ್ಲರಿಗೂ ಒಂದು ಉದ್ಯಾನ. ಎಲ್ಲ ಸೇರಿ ಸೊಸಾಯಟಿ ಮಾಡಿಕೊಂಡರು. ವಿಜಾಪುರ ರಸ್ತೆ ಆಗ ಊರಿನ ಕೊನೆ. ಅಲ್ಲಿ ಕಂದಲಗಾಂವದ ಬಸಯ್ಯನವರದು ಒಂದು ನೀರಾವರಿ ಹೊಲವಿತ್ತು, ಅದನ್ನು ಕೊಂಡರು. ಪುಣೆಯಿಂದ ಒಬ್ಬ ನಕಾಶೆಗಾರನನ್ನು ಕರೆಸಿ ರಸ್ತೆ ಬರೆಸಿದರು. ಪೇಠೆಯಿಂದ ಇಷ್ಟು ದೂರ ಮನೆ ಕಟ್ಟುವುದು ನಮ್ಮವರಲ್ಲಿ ಅದೇ ಮೊದಲು. ಬಂಧುಗಳೆಲ್ಲ ನಕ್ಕರು, ನಕ್ಕವರೇ ಮರುದಿನ ಬಂದು ತಮಗೂ ಒಂದು ಜಾಗ ಇಡಿ ಎಂದರು.

ನಕಾಶೆಗಾರ ಉದ್ಯಾನ ಬರೆದ ಜಾಗದಲ್ಲೇ ಬಾವಿ ಬಂತು. ಹೂಳಿಬಿಡಿ ಎಂದು ಆತ ಹೇಳಿದ. ನೀರಿನ ಸೆಲೆಯಿರುವ ಬಾವಿಯನ್ನು ಹೂಳಿದರೆ ವಂಶಕ್ಕೆ ಒಳ್ಳೆಯದಾಗುವುದಿಲ್ಲ ಎಂಬುದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಹಾಗೆಂದು ಉದ್ಯಾನದ ನಡುವೆ ಬಾವಿ ತೆರೆದಿಟ್ಟರೆ ಹಳ್ಳಿಯಂತೆ ಕಾಣುತ್ತದೆ, ಅಲ್ಲದೆ ಮನೆಮನೆಗೆ ನೀರಿನ ನಳ ಬರುತ್ತದೆಂದು ಸರ್ಕಾರದವರು ಮಾತು ಕೊಟ್ಟಿದ್ದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಬಸಯ್ಯನವರು ಬಂದು ಕೈಮುಗಿದು ಹೇಳಿದರಂತೆ, "ಸಾವಕಾರ, ಬಾವಿ ಜೀವಂತ ಅದರಿ. ಇರ್ಲಿ ಬಿಡ್ರಿ." ಅದಕ್ಕೆ ನಮ್ಮ ಮಾವ, "ಹೂಳೂದು ಪಾಪ ಅದ ಬಸಯ್ಯನವರ, ಹೊಚ್ಚೂದು ಪಾಪ ಅಲ್ಲ. ಬಾವಿ ಹಂಗೇ ಇರತದ, ಬರೇ ಕಾಣಂಗಿಲ್ಲ" ಅಂದರಂತೆ. ಧರ್ಮವೂ ಉಳಿಯಿತು, ಮಣ್ಣು ತುಂಬುವ ಖರ್ಚೂ ಉಳಿಯಿತು. ಇಂಥ ಬುದ್ಧಿ ವ್ಯಾಪಾರಿಗಳ ಹೊರತು ಇನ್ನಾರಿಗೆ ಬಂದೀತು ಹೇಳಿ?

ನಾನು ಸೊಸೆಯಾಗಿ ಬಂದಾಗ ಅಲ್ಲಿ ಕೆಲವೇ ಬಂಗಲೆಗಳು ಎದ್ದಿದ್ದವು. ಉಳಿದವು ಪಾಯದ ಮಟ್ಟಕ್ಕೆ ನಿಂತಿದ್ದವು. ನಳ ಮಾತ್ರ ಬಂದಿರಲಿಲ್ಲ. ಗೋಡೆಗಳಿಗೆ ನಳದ ತೂತು ಬಿಟ್ಟು ಕಟ್ಟಿದ್ದರು, ಆ ತೂತುಗಳಲ್ಲಿ ಗುಬ್ಬಿಗಳು ಸಂಸಾರ ಹೂಡಿದ್ದವು. ಮರುವರ್ಷ ಎಪ್ಪತ್ತೆರಡರ ಬರ. ಪೇಠೆಯಿಂದ ಬಂಡಿಯಲ್ಲಿ ನೀರು ತರಿಸಿ ಸಾಕಾದಾಗ ಸೊಸಾಯಟಿಯ ಹಿರಿಯರಿಗೆ ಬಾವಿ ನೆನಪಾಯಿತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ನೋಡಿ ಲೋಕ ನಗುತ್ತದೆ. ನಾವು ಇದ್ದ ಬಾವಿಯನ್ನೇ ತೋಡಲು ಹೊರಟವರು.

ಮುರುಮು ಸರಿಸಿ ಒಂದೆರಡು ಫರಸಿ ಎತ್ತಿದರು. ಒಳಗಿಳಿದು ಹೂಳು ನೋಡಲು ಬಸಯ್ಯನವರ ತಮ್ಮ ಧರೆಪ್ಪ ತಾನಾಗಿಯೇ ಬಂದ. ಹೊಲ ಮಾರಿದ್ದರೂ ಬಾವಿಯ ಮೇಲಿನ ಪ್ರೀತಿ ಹೋಗಿರಲಿಲ್ಲ, ಅವನು ಈಜು ಕಲಿತದ್ದು ಅದರಲ್ಲೇ. ನಾನು ಮಾಳಿಗೆಯ ಮೇಲೆ ನಿಂತು ನೋಡುತ್ತಿದ್ದೆ. ಹಿರಿಯರೊಬ್ಬರು ಜೋಕೆ ಎಂದದ್ದಕ್ಕೆ ಅವನು ನಕ್ಕ. "ನಮ್ಮ ಬಾವಿ ಅದರಿ ಇದು. ನನಗೇನ ಮಾಡತದ?" ಅಂದು ಬಾವಿಯ ಕಲ್ಲಿನ ಮೆಟ್ಟಿಲು ಇಳಿದ. ಸ್ವಲ್ಪ ಇಳಿದು ಒಂದು ಮೆಟ್ಟಿಲ ಮೇಲೆ ಕೂತ. ದಣಿವಾರಿಸಿಕೊಳ್ಳುತ್ತಿದ್ದಾನೆ ಅಂದುಕೊಂಡೆವು. ಮೇಲಿದ್ದವರು ಕರೆದರು. ಅವನು ತಲೆಯೆತ್ತಲಿಲ್ಲ, ಕೂತಲ್ಲಿಂದಲೇ ಒಂದು ಬದಿಗೆ ವಾಲಿ ಕೆಳಗೆ ಹೋದ. ಕೂಗಲೂ ಇಲ್ಲ. ವರ್ಷಗಟ್ಟಲೆ ಮುಚ್ಚಿದ್ದ ಬಾವಿಯಲ್ಲಿ ಉಸಿರಾಡುವ ಗಾಳಿ ಇರಲಿಲ್ಲ. ಗಾಳದ ಕೊಕ್ಕೆ ಹಾಕಿ ಅವನನ್ನು ಮೇಲೆ ತಂದಾಗ ನಮ್ಮ ಅತ್ತೆ ನನ್ನ ಕಣ್ಣು ಮುಚ್ಚಿದರು. ಅಷ್ಟರಲ್ಲಿ ನಾನು ನೋಡಿಯಾಗಿತ್ತು.

ಆ ಬಾವಿಯ ನೀರನ್ನು ಮತ್ತೆ ಯಾರೂ ಮುಟ್ಟಲಿಲ್ಲ. ಫರಸಿಯನ್ನು ಮೊದಲಿನಂತೆ ಹಾಸಿದರು. ಬಸಯ್ಯನವರು ಅತ್ತುಕೊಂಡೇ ಒಂದು ಮಾತು ಕೇಳಿದರು: "ಅದಕ್ಕ ಉಸಿರಾಡಾಕ ಒಂದು ದಾರಿ ಬಿಡ್ರಿ." ಫರಸಿಯ ಸಂದಿಯಲ್ಲಿ ಬಾಯಿ ತೆರೆದ, ಆಳೆತ್ತರದ ಒಂದು ಕಬ್ಬಿಣದ ನಳ ನಿಲ್ಲಿಸಿದರು. ಬಾವಿ ಉಸಿರಾಡಲಿ, ಬಾವಿ ಇಲ್ಲಿದೆ ಎಂದು ಮುಂದಿನವರಿಗೂ ತಿಳಿಯಲಿ ಎಂದು. ಮಳೆಯ ಮುಂಚೆ ಆ ನಳದಿಂದ ತಣ್ಣನೆಯ ಗಾಳಿ ಬರುತ್ತಿತ್ತು, ಅಂಗೈ ಹಿಡಿದರೆ ತಿಳಿಯುತ್ತಿತ್ತು. ವಸಾಹತಿನ ಕತೆ ಅಲ್ಲಿಗೆ ಮುಗಿದಂತೆಯೇ. ನೀರಿಲ್ಲದ, ಸಾವು ಕಂಡ ಜಾಗಕ್ಕೆ ಪೇಠೆಯಿಂದ ಯಾರು ಬರುತ್ತಾರೆ? ಪಾಯಗಳಲ್ಲಿ ಬೇವಿನ ಗಿಡ ಹುಟ್ಟಿದವು. ಬಂದಿದ್ದವರಲ್ಲಿ ಎಷ್ಟೋ ಜನ ತಿರುಗಿ ಗಂಟುಗಳ ಸಂದಿಗೆ ಹೋದರು. ಮಾವ ಹಟಮಾರಿ, ನಾವು ಉಳಿದೆವು.

ಮುಂದಿನದು ನಮ್ಮ ಜನರೇ ಮಾಡಿಕೊಂಡದ್ದು, ಅದನ್ನೂ ನಿಮ್ಮ ತಲೆಗೆ ಕಟ್ಟಲಾರೆ. ಧರೆಪ್ಪನ ಹೆಂಡತಿ ವರ್ಷಕ್ಕೊಮ್ಮೆ ಬಂದು ಆ ನಳದ ಬುಡದಲ್ಲಿ ಎಡೆ ಇಟ್ಟು ಹೋಗುತ್ತಿದ್ದಳು. ಆಕೆಯನ್ನು ನೋಡಿ ನಮ್ಮ ಹೆಂಗಸರೂ ಕುಂಕುಮ ಹಚ್ಚಿದರು. ಕುಂಕುಮ ಕಂಡ ಮೇಲೆ ಕಾಯಿ ಒಡೆಯದೆ ಇರಲಾದೀತೆ? ಹಸಿರು ಬಳೆ ಬಂತು, ಉಡಿ ತುಂಬುವುದು ಬಂತು, ಹೆಸರೂ ಬಂತು: ನಳದವ್ವ. ನೀರಿನ ನಳ ಕೊನೆಗೂ ನಮ್ಮ ಕಡೆ ಬಂದ ಮೇಲೆ ವಸಾಹತಿಗೆ ಹೊಸಬರು ಬಂದರು, ಅಡ್ಡಾದಿಡ್ಡಿ ಮನೆಗಳೆದ್ದವು. ಹೊಸಬರಿಗೆ ಅವ್ವ ಗೊತ್ತಿದ್ದಳು, ಬಾವಿ ಗೊತ್ತಿರಲಿಲ್ಲ. ಓಂಕಾರ ಎಂಬ ಉತ್ಸಾಹದ ಹುಡುಗನ ತರುಣ ಮಂಡಳ ನಳಕ್ಕೆ ಕೇಸರಿ ಬಣ್ಣ ಬಳಿದು, ತಲೆಯ ಮೇಲೆ ತಗಡು ಹೊದಿಸಿತು. ಗಾಳಿ ಬರುವ ಬಾಯಿಗೆ ಬೆಳ್ಳಿಯ ಮುಖವಾಡ ಕೂಡಿಸಿತು. ಎಚ್ಚರಿಕೆಯ ಗುರುತಿಗೆ ಇಷ್ಟು ಭಕ್ತಿ ಮಾಡಿ ಅದರ ಅರ್ಥವನ್ನೇ ಮರೆತವರು ನಮ್ಮ ಹೊರತು ಇನ್ನೆಲ್ಲೂ ಸಿಗಲಾರರು. ಬೇಡ ಬೇಡ ಎಂದು ನಾನು ಹೇಳಿದಾಗಲೆಲ್ಲ ಪ್ರಸಾದ ಕೊಟ್ಟು ಕಳಿಸುತ್ತಿದ್ದರು.

ಆಗ ರಂಗಕ್ಕೆ ಬಂದಿರಿ ನೀವು. ಅನಧಿಕೃತ ಧಾರ್ಮಿಕ ಸ್ಥಳಗಳ ತೆರವು! ನಿಮ್ಮ ಸಿಬ್ಬಂದಿ ನೋಟೀಸನ್ನು ಆ ನಳಕ್ಕೇ ಅಂಟಿಸಿ ಹೋದರು. ವಾರದೊಳಗೆ ಮಾಲೀಕತ್ವದ ಪುರಾವೆ ಸಲ್ಲಿಸತಕ್ಕದ್ದು ಎಂದು ನಳಕ್ಕೆ ಆಜ್ಞೆಯಾಯಿತು. ನಳ ಸಲ್ಲಿಸಲಿಲ್ಲ. ಓಂಕಾರನ ಮಂಡಳ ಗಲಾಟೆ ಮಾಡಿತು, ಅವ್ವನ ಸಲುವಾಗಿ, ಬಾವಿಯ ಸಲುವಾಗಿ ಅಲ್ಲ. ಕೊನೆಗೆ ಎರಡೂ ಕಡೆಯವರಿಗೆ ಸಮಾಧಾನವಾಗುವ ರಾಜಿಯಾಯಿತು. ನಳವನ್ನು ಬುಡಸಮೇತ ಕಿತ್ತು, ಹಲಗೆ ಬಾರಿಸುತ್ತ ಮೆರವಣಿಗೆಯಲ್ಲಿ ಒಯ್ದು, ಮಾರುತಿ ಗುಡಿಯ ಮೂಲೆಯಲ್ಲಿ ಸಿಮೆಂಟು ಹಾಕಿ ನಿಲ್ಲಿಸಿದರು. ಕಿತ್ತ ತೂತಿಗೆ ಒಂದು ಬುಟ್ಟಿ ಮಣ್ಣು ಸಾಕಾಯಿತು. ನಾನು ಓಡಿಹೋಗಿ ಆ ಜಾಗ ಗುರುತು ಮಾಡಿಡಿ ಎಂದು ಕೂಗಾಡಿದಾಗ ಓಂಕಾರ ನನ್ನ ಕೈ ಹಿಡಿದುಕೊಂಡ. "ಕಾಕು, ಟೆನ್ಷನ್ ತಗೋಬ್ಯಾಡ್ರಿ. ದೇವೀಗಿ ಚಲೋ ಜಾಗಾ ಸಿಕ್ಕದ. ವಿಷಯ ಸಂಪಲಾ." ಅವನ ಲೆಕ್ಕದಲ್ಲಿ ವಿಷಯ ಮುಗಿದಿತ್ತು. ಇಂದಿಗೂ ಅಲ್ಲಿ ದಿನಾ ದೀಪ ಹಚ್ಚುತ್ತಾರೆ, ಕೆಳಗೆ ಗಟ್ಟಿ ನೆಲವಿರುವ ನಳಕ್ಕೆ.

ಗುಡಿ ತೆಗೆದು ಖಾಲಿಯಾದ ಜಾಗವನ್ನು ಹಾಗೇ ಬಿಟ್ಟರೆ ಮತ್ತೆ ದೇವರು ಹುಟ್ಟಬಹುದು ಎಂದು ನೀವು ಬಾಲವಾಡಿ ಮಂಜೂರು ಮಾಡಿದಿರಿ. ಒಳ್ಳೆಯ ವಿಚಾರ. ಗುತ್ತಿಗೆದಾರ ನಿಲೇಶ ಮಾತಿನಲ್ಲಿ ಸಕ್ಕರೆ. ಕಂಬಗಳ ಗುಂಡಿ ನಾಲ್ಕು ಬದಿಗೆ ತೋಡಿದ, ಬಾವಿ ನಡುವಿನಲ್ಲಿದೆ, ಅವನ ಗುದ್ದಲಿಗೆ ಸಿಗಲಿಲ್ಲ. ನೆಲ ಗಟ್ಟಿಯಾಗಲೆಂದು ಟ್ಯಾಂಕರಿನಿಂದ ನೀರು ಬಿಟ್ಟ. ಬದಿಗಳಲ್ಲಿ ನೀರು ನಿಂತು ಕೆಸರಾಯಿತು, ನಡುವೆ ಮಾತ್ರ ನಿಲ್ಲಲಿಲ್ಲ. ಬಿಟ್ಟಷ್ಟೂ ಕುಡಿಯಿತು. ನಾನು ಬೇಲಿಯಾಚೆ ನಿಂತು ಕೇಳಿದೆ, "ನೀರು ಎಲ್ಲಿ ಹೋಗಾಕತ್ಯಾದೋ ನಿಲೇಶ?"

"ಭೂಮಿ ಬಾಳ ಬಾಯಾರ್ಯಾದ್ರಿ ಕಾಕು. ಚಲೋನೇ ಆತು. ಮಳಿಗಾಲದಾಗ ನೀರ ನಿಂದ್ರಂಗಿಲ್ಲ."

ನಿಮ್ಮ ಅಭಿಯಂತರರು ಬಂದು ಅದೇ ಮಾತನ್ನು ಇಂಗ್ಲಿಷಿನಲ್ಲಿ ಬರೆದುಕೊಂಡು ಹೋದರು. ಒಬ್ಬರು ಕಾಲಿನಿಂದ ಎರಡು ಸಲ ನೆಲ ತುಳಿದು ಗಟ್ಟಿ ಇದೆ ಎಂದರು. ಅವರ ಸ್ವಂತ ಮನೆಯ ನೆಲವನ್ನೂ ಹೀಗೇ ತುಳಿದು ನೋಡಿ ಮಕ್ಕಳನ್ನು ಮಲಗಿಸುತ್ತಾರೆಯೇ ಎಂದು ಕೇಳಬೇಕೆನಿಸಿತು. ಅರ್ಧ ಶತಮಾನ ನೀರಿನ ಆವಿ ಕುಡಿದ ಕಬ್ಬಿಣದ ಹಳಿ ಇಂದು ಎಷ್ಟು ಉಳಿದಿರುತ್ತದೆ? ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ನಮ್ಮಿಬ್ಬರಲ್ಲಿ ಇರುವ ವ್ಯತ್ಯಾಸವೆಂದರೆ ನನಗೆ ನಿದ್ದೆ ಬರುವುದಿಲ್ಲ.

ಕಟ್ಟಡ ಮುಗಿದು ಬಣ್ಣ ಬಳಿದ ಮೇಲೆ ನೆಲದಲ್ಲಿ ಒಂದು ಬಿರುಕು ಕಾಣಿಸಿತು. ಬಿರುಕು ಎಲ್ಲ ಹೊಸ ಕಟ್ಟಡಗಳಲ್ಲೂ ಬರುತ್ತದೆ, ಒಪ್ಪುತ್ತೇನೆ. ಅವು ನೆಟ್ಟಗೆ ಬರುತ್ತವೆ, ಮೂಲೆಯಿಂದ ಮೂಲೆಗೆ ಬರುತ್ತವೆ. ಇದು ಒಡೆದ ಬಳೆಯ ತುಂಡಿನ ಹಾಗೆ ಬಾಗಿಕೊಂಡು ಬಂದಿದೆ. ನಿಲೇಶ ಬಿಳಿ ಸಿಮೆಂಟು ತುಂಬಿದ. ಮತ್ತೆ ಬಂತು, ಈ ಸಲ ಸ್ವಲ್ಪ ಉದ್ದ, ಅಷ್ಟೇ ದುಂಡು. ಒಂದು ತೂತು ಕೊರೆದು ಸರಳು ಇಳಿಸಿ ನೋಡೋಣ ಎಂದು ಯುವರಾಜ ಹೋದಾಗ ನಿಲೇಶನ ಮಾತಿನ ಸಕ್ಕರೆ ಕರಗಿತು. "ಸರ್ಕಾರಿ ಕಟ್ಟಡ ಅದ ಅಣ್ಣಾ. ತೂತ ಹಾಕಿದ್ರ ನಿಮ್ಮ ಮ್ಯಾಲ ಕೇಸ ಆಗತದ." ವಸಾಹತಿನ ಹಿರಿಯರೂ ನನಗೆ ಬುದ್ಧಿ ಹೇಳಿದರು. ಬಾವಿ ಬಾವಿ ಅನ್ನಬೇಡಿ, ಮನೆಗಳ ಬೆಲೆ ಬೀಳುತ್ತದೆ ಎಂದರು. ಬೆಲೆ ಬಿದ್ದರೆ ಮತ್ತೆ ಏಳುತ್ತದೆ. ಅಲ್ಲಿ ಬೀಳುವವರು ಹೇಗೆ ಏಳುತ್ತಾರೆ?

ಇಷ್ಟೆಲ್ಲ ಈ ಮುದುಕಿಗೆ ಯಾಕೆ ಎಂದು ನೀವು ಕೇಳಬಹುದು. ಆ ಬಾಲವಾಡಿಯ ಶಿಕ್ಷಕಿ ನನ್ನ ಸೊಸೆ, ಯುವರಾಜನ ಹೆಂಡತಿ ಶೀತಲ. ಇಷ್ಟು ದಿನ ಮಾರುತಿ ಗುಡಿಯ ಪಡಸಾಲೆಯಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಕಲಿಸುತ್ತಿದ್ದಳು. ವಳಸಂಗದ ರೈತರ ಮನೆಯ ಹುಡುಗಿ, ಎಷ್ಟೋ ವರ್ಷ ಕಾದು ಸಿಕ್ಕ ನೌಕರಿ. ಹೊಸ ಕಟ್ಟಡ ಎಂದಾಗ ಕುಣಿದಾಡಿದವಳು. ನಾನು ಅರ್ಜಿ ಕೊಟ್ಟಾಗ ಆಕೆಗೆ ಸಿಟ್ಟು ಬಂದಿತ್ತು. "ಅತ್ತೀ, ನೀವು ನನ್ನ ಅನ್ನಕ್ಕ ಮಣ್ಣ ಹಾಕಾಕತ್ತೀರಿ" ಅಂದು ಕೆಲವು ದಿನ ನನ್ನೊಡನೆ ಮಾತು ಬಿಟ್ಟಿದ್ದಳು. ಹೋದ ವಾರ ಗೋಡೆಗೆ ಚಿತ್ರ ಅಂಟಿಸಲು ಹೋದವಳು ಬೇಗ ತಿರುಗಿ ಬಂದಳು. ಚಪ್ಪಲಿಯನ್ನೂ ಬಿಡದೆ ನನ್ನ ಬದಿಗೆ ಬಂದು ಕೂತಳು. ಬಗ್ಗಿ ಆ ಬಿರುಕಿನ ಮೇಲೆ ಕೈ ಇಟ್ಟು ನೋಡಿದಳಂತೆ. ತಣ್ಣನೆಯ ಗಾಳಿ ಬಂತಂತೆ.

ಹಾಗಾದರೆ ಹೋಗಬೇಡ, ನೌಕರಿ ಬಿಡು ಅಂದೆ. ಕೈ ಹಿಡಿದು ಬೇಡಿಕೊಂಡೆ. ಆಕೆ ಮೇಲಿನವರಿಗೆ ತಿಳಿಸಿ ನೋಡಿದ್ದಾಳೆ, ಸೋಮವಾರ ಹೊಸ ಕಟ್ಟಡದಲ್ಲಿ ಹಾಜರಾಗದಿದ್ದರೆ ಬೇರೆಯವರನ್ನು ನೇಮಿಸುತ್ತೇವೆ ಎಂಬ ಉತ್ತರ ಬಂದಿದೆ. ತಾಯಂದಿರಿಗೆ ಹೇಳಿದರೆ ಅವರು, ನಿಮ್ಮ ಅತ್ತೆಯ ಹುಚ್ಚು ನಿನಗೂ ಹತ್ತಿತೇ ಎಂದು ನಕ್ಕಿದ್ದಾರೆ.

"ನಾ ಬಿಟ್ಟರ ಬ್ಯಾರೆ ಯಾರರ ಬರ್ತಾರಿ ಅತ್ತೀ. ಆಕಿಗೆ ಬಾವಿ ಗೊತ್ತಿರಂಗಿಲ್ಲ. ಮಕ್ಕಳನ್ನ ನಟ್ಟನಡುವೇ ಕೂಡಸ್ತಾಳ. ನಾ ಇದ್ದರ ಗ್ವಾಡಿ ಬದಿಗೆ ಕೂಡಸ್ತೀನಿ."

"ಮತ್ತ ಲೇಜಿಮ್? ಕುಣಿಯೂದು ನಡುವೇ ಅಲ್ಲ?"

"ಮೊದ್ಲು ನಾ ಒಬ್ಬಾಕಿನೇ ನಡುವ ಹೋಗಿ ಕುಣೀತೀನ್ರಿ. ಮಕ್ಕಳು ಬಾಗಲದಾಗ ನಿಂತಿರಲಿ. ನೆಲ ತಡೀತು ಅಂದ್ರ ಆಮ್ಯಾಲ ಅವರನ್ನ ಕರೀತೀನಿ."

ಮಾನ್ಯರೇ, ನಿಮ್ಮ ಇಲಾಖೆ ಮಾಡಬೇಕಾದ ಪರೀಕ್ಷೆಯನ್ನು ನನ್ನ ಸೊಸೆ ತನ್ನ ಮೈಯಿಂದ ಮಾಡಲಿದ್ದಾಳೆ. ನಿಮಗೆ ಇನ್ನೂ ಮೂರು ದಿನವಿದೆ, ಅದರಲ್ಲೊಂದು ರಜೆ. ಬಂದು ಆ ನೆಲದ ನಡುವೆ ಒಂದೇ ಒಂದು ತೂತು ಕೊರೆಸಿ. ಬಾವಿ ಇಲ್ಲದಿದ್ದರೆ ಊರ ಮುಂದೆ ಹುಚ್ಚಿ ಅನ್ನಿಸಿಕೊಳ್ಳುತ್ತೇನೆ, ನಿಮ್ಮ ಉದ್ಘಾಟನೆಗೆ ಆರತಿ ಹಿಡಿದು ನಿಲ್ಲುತ್ತೇನೆ. ಇದ್ದರೆ ಫರಸಿ ಒಡೆಸಿ, ತಳದಿಂದ ಬಾಯಿಯವರೆಗೆ ಕಲ್ಲು ತುಂಬಿ ಹೂಳಿಸಿ. ಜೀವಂತ ಬಾವಿ ಹೂಳಿದ ಪಾಪವನ್ನು ನಮ್ಮ ಮಾವ ಹೊರಲು ಹೆದರಿದರು, ನಾನು ಹೊರುತ್ತೇನೆ, ಬೇಕಾದರೆ ಬರೆದುಕೊಡುತ್ತೇನೆ. ಅಲ್ಲಿಯವರೆಗೆ ಆ ಬಾಗಿಲಿಗೆ ಬೀಗ ಹಾಕಿಸಿ.

ನಾನು ಹೆದರುವುದು, ನೀವು ತಿಳಿದುಕೊಂಡ ಹಾಗೆ, ಸೊಸೆಯ ಕಾಲಡಿಯ ನೆಲ ಕುಸಿದೀತೆಂದಷ್ಟೇ ಅಲ್ಲ. ಶೀತಲ ಸಣಕಲು ಮೈಯವಳು, ಒಂದು ಹಿಡಿ ಇದ್ದಾಳೆ. ಸೋಮವಾರ ಆ ನೆಲ ಆಕೆಯೊಬ್ಬಳನ್ನು ತಡೆದುಕೊಂಡರೂ ತಡೆದುಕೊಂಡೀತು. ಆಗ ಆಕೆ ಬಾಗಿಲ ಕಡೆ ತಿರುಗಿ, ನಗುತ್ತ, ಅಷ್ಟೂ ಮಕ್ಕಳನ್ನು ಒಳಗೆ ಕರೆಯುತ್ತಾಳೆ.

ಇಂತಿ,
ಹೇಳಿ ಹೇಳಿ ಸೋತ ಅತ್ತೆ,
ಪಾರ್ವತಿಬಾಯಿ
ವಿಜಾಪುರ ರಸ್ತೆ, ಸೊಲ್ಲಾಪುರ